ಎರಡು ಗಂಟಿನ ಪಟ್ಟಿ

ನನ್ನ ತಂಗಿಯ ಗಂಡ ಹುಲ್ಲುಕಡ್ಡಿ ಎತ್ತಿ ಆಚೆ ಇಡುವ ಗಂಡಸಲ್ಲ. ಇದನ್ನು ನಾನು ಅವರ ಮದುವೆಯ ದಿನವೇ ಕಂಡುಕೊಂಡಿದ್ದೆ. ಆಮೇಲೆ ಇಪ್ಪತ್ತೆರಡು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದೆ. ಯಾರು ಏನೇ ಹೇಳಲಿ, ಅವನ ಉತ್ತರ ಒಂದೇ: "ಹಾಗಂತೀರಾ?" ಸೂರು ಸೋರುತ್ತಿದೆ ಅನ್ನಿ, "ಹಾಗಂತೀರಾ?" ನಿಮ್ಮ ಅಂಗಿಯ ಗುಂಡಿ ಮೇಲೆ ಕೆಳಗಾಗಿದೆ ಅನ್ನಿ, "ಹಾಗಂತೀರಾ?" ಹೀಗಾಗಿ ನಮ್ಮ ಮನೆಯಲ್ಲಿ ಅವನ ಹೆಸರೇ 'ಹಾಗಂತೀರಾ' ಎಂದಾಗಿಹೋಯಿತು. ಹೆಸರಿಟ್ಟವಳು ನಾನೇ. ತಂಗಿ ಮೊದಮೊದಲು ನಗುತ್ತಿದ್ದಳು, ಆಮೇಲೆ ನಗುವುದನ್ನು ಬಿಟ್ಟಳು. ನಾನು ಹೆಸರನ್ನು ಬಿಡಲಿಲ್ಲ.

ತಂಗಿ ತೀರಿಕೊಂಡು ಮೂರು ವರ್ಷವಾದ ಮೇಲೆ ಒಂದು ದಿನ ಈ ಮಹಾನುಭಾವ ನನಗೆ ಫೋನ್ ಮಾಡಿದ.

"ಅಕ್ಕ, ಹಿತ್ತಲ ತೋಟ ಸ್ವಲ್ಪ ಬೆಳೆದುಬಿಟ್ಟಿದೆ. ನಗರಸಭೆಯವರು ಗೇಟಿಗೆ ಕಾಗದ ಅಂಟಿಸಿ ಹೋಗಿದ್ದಾರೆ. ವಾರದಲ್ಲಿ ತೆಗೀದಿದ್ರೆ ಯಂತ್ರ ತಂದು ಎಲ್ಲಾ ನೆಲಸಮ ಮಾಡ್ತಾರಂತೆ. ನೀವು ಒಂದ್ಸಲ ಬಂದು ನೋಡಿದ್ರೆ..."

"ಸ್ವಲ್ಪ ಅಂದ್ರೆ ಎಷ್ಟು?"

"ಅಂದ್ರೆ... ಹಿಂದಿನ ಮನೆ ದಂತವೈದ್ಯರ ಬೋರ್ಡು ಕಾಣಿಸ್ತಿಲ್ಲವಂತೆ."

ದೂರು ಕೊಟ್ಟವನು ಆ ದಂತವೈದ್ಯನೇ ಎಂದು ಕೇಳದೆಯೇ ಗೊತ್ತಾಯಿತು. ನನ್ನ ಮನಸ್ಸು ಪೂರ್ತಿಯಾಗಿ ದಂತವೈದ್ಯನ ಕಡೆಗಿತ್ತು.

ಆದರೂ ಹೊರಟೆ. ಅವನಿಗಾಗಿ ಅಲ್ಲ, ಅಮ್ಮನ ಗುಲಾಬಿಗಾಗಿ. ನಮ್ಮಮ್ಮನ ಹಿತ್ತಿಲಲ್ಲಿ ಒಂದು ಗುಲಾಬಿ ಇತ್ತು. ಹೂ ಚಿಕ್ಕದು, ಬಣ್ಣ ಮಾಸಲು. ನೋಡಿದರೆ ಯಾರೂ ಕೊಳ್ಳುವುದಿಲ್ಲ, ಮೂಸಿದರೆ ಯಾರೂ ಬಿಟ್ಟು ಹೋಗುವುದಿಲ್ಲ. ಮನೆ ಮಾರಿದಾಗ ನಾವಿಬ್ಬರೂ ಒಂದೊಂದು ಕಡ್ಡಿ ತಂದು ನೆಟ್ಟೆವು. ನನ್ನದು ಎರಡೇ ವರ್ಷಕ್ಕೆ ಕೊಳೆತುಹೋಯಿತು. ಮೂವತ್ತು ವರ್ಷ ನರ್ಸರಿಯಲ್ಲಿ ಸಸಿ ಬೆಳೆಸಿ ಮಾರಿದವಳ ಕೈಯಲ್ಲೇ ಕೊಳೆಯಿತು, ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ತಂಗಿಯದು ಆಳೆತ್ತರ ಬೆಳೆಯಿತು. ಈಗ ಲೋಕದಲ್ಲಿ ಆ ಗಿಡ ಉಳಿದಿದ್ದರೆ ಆ ತೋಟದಲ್ಲಿ ಮಾತ್ರ. ಯಂತ್ರ ಬರುವ ಮೊದಲು ಅದರದೊಂದು ಕಡ್ಡಿಯಾದರೂ ನನಗೆ ಬೇಕಿತ್ತು.

ಅವನ ಮನೆಯ ಮುಂದಿನ ಕೋಣೆಯೇ ಕನ್ನಡಕದ ಅಂಗಡಿ. ಒಳಗೆ ಕಾಲಿಟ್ಟರೆ ಆಸ್ಪತ್ರೆಯಷ್ಟು ಶುಭ್ರ. ಗೋಡೆಯ ಮೇಲೆ ಚೌಕಟ್ಟುಗಳ ಸಾಲು, ಒಂದೂ ಕೂದಲೆಳೆಯಷ್ಟು ಸೊಟ್ಟಗಿಲ್ಲ. ಮೇಜಿನ ಮೇಲೆ ಎಳ್ಳಿನ ಕಾಳಿಗಿಂತ ಸಣ್ಣ ತಿರುಪುಗಳು ಅಳತೆವಾರು ಡಬ್ಬಿಗಳಲ್ಲಿ. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವ ಈ ಮನುಷ್ಯನಿಗೆ ಅಡುಗೆಮನೆಯ ಹಿಂಬಾಗಿಲಿನಿಂದ ಆಚೆ ಇರುವುದು ಕಾಣಿಸಲಿಲ್ಲವಲ್ಲ ಎಂದು ಮೈ ಉರಿಯಿತು.

ಹಿಂಬಾಗಿಲು ತೆರೆಯಲು ಇಬ್ಬರೂ ಹೆಗಲು ಕೊಟ್ಟು ತಳ್ಳಬೇಕಾಯಿತು. ಆಚೆ ಕಡೆ ಲಂಟಾನದ ಪೊದೆ ಬಾಗಿಲಿಗೆ ಆತುಕೊಂಡು ನಿಂತಿತ್ತು. ತಂಗಿ ಬದುಕಿದ್ದಾಗ ಅಲ್ಲಿ ಕಲ್ಲು ಹಾಸಿದ ದಾರಿ, ಎರಡೂ ಕಡೆ ಹೂವಿನ ಮಡಿ, ಕೊನೆಯಲ್ಲಿ ಗೋಡೆಯ ಬಳಿ ಗುಲಾಬಿ. ಈಗ ದಾರಿಯೂ ಇಲ್ಲ, ಮಡಿಯೂ ಇಲ್ಲ. ಎದೆಮಟ್ಟ ಪಾರ್ಥೇನಿಯಂ, ಅದರ ಮೇಲೆ ಲಂಟಾನ, ಅದರ ಮೇಲೆ ಬೆರಳು ದಪ್ಪದ ಕಳೆಬಳ್ಳಿ. ಬಳ್ಳಿ ಗೋಡೆ ದಾಟಿ ದಂತವೈದ್ಯನ ಬೋರ್ಡಿನ ಮೇಲೆ ಹಬ್ಬಿ, ಬೋರ್ಡಿನ ಹಲ್ಲಿನ ಚಿತ್ರವನ್ನು ಅರ್ಧ ನುಂಗಿತ್ತು.

"ಸ್ವಲ್ಪ ಬೆಳೆದಿದೆ ಅಂದ್ರಲ್ಲ?" ಎಂದೆ.

"ಜಾಸ್ತಿ ಅಂತೀರಾ?" ಎಂದ. ಅಂತೂ ಅವನ ಬಾಯಲ್ಲಿ ಬೇರೊಂದು ಮಾತು ಬಂತು.

ಅವನ ಮುಂಗೈಯೆಲ್ಲ ಕೆಂಪು ಗಂಧೆ. ಮಾತಿನ ಮಧ್ಯೆ ಮಧ್ಯೆ ಸೀನು. ಪಾರ್ಥೇನಿಯಂ ಮುಟ್ಟಿದವರ ಕೈ ಹಾಗೇ ಆಗುವುದು. ಒಂದು ದಿನವೂ ತೋಟದ ಕೆಲಸ ಮಾಡದವನಿಗೆ ಗಂಧೆ ಎಲ್ಲಿಂದ ಬಂತು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವನ ಬಗ್ಗೆ ಯೋಚಿಸುವುದನ್ನು ನಾನು ಯಾವತ್ತೋ ಮುಗಿಸಿದ್ದೆ.

ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು, ಬಾಗಿಲಿನಿಂದಲೇ ಶುರುಮಾಡಿದೆ. ಕಳೆ ತೆಗೆಯುವುದಕ್ಕೆ ಒಂದು ಕ್ರಮವಿದೆ. ಬಳ್ಳಿಯನ್ನು ಮೇಲಿನಿಂದ ಎಳೆಯಬಾರದು, ಮೊಣಕಾಲ ಎತ್ತರದಲ್ಲಿ ಕತ್ತರಿಸಿ ಒಣಗಲು ಬಿಡಬೇಕು. ಪಾರ್ಥೇನಿಯಂ ಅನ್ನು ಹೂ ಉದುರುವ ಮೊದಲೇ ಬೇರು ಸಹಿತ ಕಿತ್ತು ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಲಂಟಾನವನ್ನು ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ, ಬುಡ ಅಗೆದು ಹಾರೆ ಹಾಕಿ ಮೀಟಬೇಕು. ಇಷ್ಟನ್ನೂ ಹೇಳಿ ಅವನ ಕೈಗೆ ಚೀಲ ಕೊಟ್ಟೆ. ಅವನು ಚೀಲ ಹಿಡಿದು, ಪೂಜಾರಿಯ ಹಿಂದೆ ತಟ್ಟೆ ಹಿಡಿದು ನಿಂತವನ ಹಾಗೆ ನಿಂತ.

ಹತ್ತು ಹೆಜ್ಜೆ ಹೋಗಿರಬಹುದು. ಒಂದು ದೊಡ್ಡ ಲಂಟಾನದ ಬುಡಕ್ಕೆ ಗುದ್ದಲಿ ಎತ್ತಿದೆ.

"ಅದು ಬೇಡ ಅಕ್ಕ!" ಎಂದು ಓಡಿ ಬಂದು ಗುದ್ದಲಿಯ ಕಾವು ಹಿಡಿದುಕೊಂಡ. ಆ ಕೈಯಲ್ಲಿ ಅಷ್ಟು ಬಿಗಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಯಾಕೆ?"

"ಇದು ಅವಳು ಗುರುತು ಮಾಡಿದ ಗಿಡ. ಇಂಥವು ಏಳಿವೆ. ಮಿಕ್ಕಿದ್ದೆಲ್ಲ ತೆಗೀರಿ, ಇವನ್ನ ಮಾತ್ರ ಉಳಿಸಿಕೊಡಿ. ಯಂತ್ರ ಬಂದ್ರೆ ಇವೂ ಹೋಗ್ತವೆ, ಅದಕ್ಕೇ ನಿಮ್ಮನ್ನ ಕರೆದಿದ್ದು."

ಬಗ್ಗಿ ನೋಡಿದೆ. ಬುಡದಿಂದ ಒಂದು ಗೇಣು ಮೇಲೆ, ಕಾಂಡದ ಸುತ್ತ ಒಂದು ಬಟ್ಟೆಯ ಪಟ್ಟಿ. ಬಿಸಿಲಿಗೆ ಬಣ್ಣ ಹೋಗಿತ್ತು, ಆದರೂ ಕೆಂಪು ಎಂದು ತಿಳಿಯುತ್ತಿತ್ತು. ತಂಗಿಯ ಅಡುಗೆಮನೆಯ ಕಿಟಕಿಯ ಹಳೆಯ ಪರದೆ ಅದು. ಗಂಟನ್ನು ತೊಗಟೆ ಒಳಗೆ ಎಳೆದುಕೊಂಡಿತ್ತು.

ಬೆರಳಿನಿಂದ ಪಟ್ಟಿಯನ್ನು ಸವರಿದೆ. ಆಮೇಲೆ ನಗು ಬಂತು, ತಡೆದುಕೊಂಡೆ.

ನಮ್ಮಮ್ಮನಿಗೆ ಸೊಂಟ ನೋವು, ಬಗ್ಗಿ ಕಳೆ ಕೀಳಲಾಗುತ್ತಿರಲಿಲ್ಲ. ದಿನಾ ಸಂಜೆ ಹಿತ್ತಲಲ್ಲಿ ಒಂದು ಸುತ್ತು ಹಾಕಿ, ಕೀಳಬೇಕಾದ ಗಿಡಕ್ಕೆಲ್ಲ ಕೆಂಪು ಪಟ್ಟಿ ಕಟ್ಟಿ ಬರುತ್ತಿದ್ದಳು. ಬೆಳಗ್ಗೆ ಎದ್ದು ನಾವಿಬ್ಬರೂ ಅವನ್ನು ಕೀಳಬೇಕು. ಒಂದು ಗಂಟು ಹಾಕಿದ್ದು ತಂಗಿಯ ಪಾಲು, ಎರಡು ಗಂಟು ಹಾಕಿದ್ದು ನನ್ನ ಪಾಲು. ಬೇರು ಆಳಕ್ಕೆ ಹೋದದ್ದಕ್ಕೆಲ್ಲ ಎರಡು ಗಂಟು. ಪಟ್ಟಿಯನ್ನು ಹರಿಯಬಾರದು, ಕತ್ತರಿಸಬಾರದು, ಗಂಟು ಬಿಚ್ಚಿ ಒಗೆದು ಅಮ್ಮನ ಕೈಗೆ ಕೊಡಬೇಕು. ಶಾಲೆಗೆ ಹೊತ್ತಾಯಿತು ಎಂದು ನಾನು ಬಿಟ್ಟು ಹೋದರೆ ತಂಗಿ ತನ್ನ ಪುಟ್ಟ ಕೈಯಲ್ಲಿ ನನ್ನವನ್ನೂ ಎಳೆಯುತ್ತಾ ಕೂರುತ್ತಿದ್ದಳು, ಅವು ಬರುತ್ತಿರಲಿಲ್ಲ, ಅಳುತ್ತಿದ್ದಳು. ಕೆಂಪು ಪಟ್ಟಿ ಎಂದರೆ ಕಿತ್ತು ಬಿಸಾಡು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ.

ಈ ಪುಣ್ಯಾತ್ಮ ಅದನ್ನು 'ಕಾಪಾಡು' ಎಂದುಕೊಂಡಿದ್ದ.

ನಾನು ಬಾಯಿ ಮುಚ್ಚಿಕೊಂಡೆ. ಕರುಣೆಯಿಂದಲ್ಲ. ಅವನ ಮೂರ್ಖತನ ಎಲ್ಲಿಯವರೆಗೆ ಹೋಗಿದೆಯೆಂದು ಪೂರ್ತಿ ನೋಡಿಬಿಡುವ ಆಸೆಯಿಂದ. "ತೋರಿಸಿ, ಏಳನ್ನೂ ತೋರಿಸಿ," ಎಂದೆ.

ಅವನು ಮಗಳ ಬಹುಮಾನ ತೋರಿಸುವ ಅಪ್ಪನ ಹಾಗೆ ಮುಂದೆ ಹೋದ. ಮೂರು ಲಂಟಾನ, ಮೂರಕ್ಕೂ ಬುಡದಲ್ಲಿ ಪಾತಿ, ಪಾತಿಯಲ್ಲಿ ಗೊಬ್ಬರ. ಗೊಬ್ಬರ! ಬೆಂಕಿ ಹಾಕಿದರೂ ಸಾಯದ ಲಂಟಾನಕ್ಕೆ ಗೊಬ್ಬರ. ಎರಡು ಕಳೆಬಳ್ಳಿ, ಅವಕ್ಕೆ ಕೋಲು ನೆಟ್ಟು, ಮುರಿದ ಕನ್ನಡಕದ ಕಡ್ಡಿಗಳನ್ನು ಬಗ್ಗಿಸಿ ಕೊಕ್ಕೆ ಮಾಡಿ, ಗೇಣಿಗೊಂದರಂತೆ ಎತ್ತಿ ಕಟ್ಟಿದ್ದ. ಕೊಕ್ಕೆಗಳು ಒಂದರಂತೆ ಒಂದು, ಅಷ್ಟು ಚೊಕ್ಕ ಕೆಲಸ. ಕೊನೆಗೆ ಎರಡು ಪಾರ್ಥೇನಿಯಂ, ಅವುಗಳ ಮೇಲೆ ನಾಲ್ಕು ಕಾಲಿನ ನೆರಳು ಬಲೆ.

"ಇವೆರಡು ಮೊದಲ ವರ್ಷವೇ ಒಣಗಿಬಿಟ್ವು ಅಕ್ಕ," ಎಂದ, ಧ್ವನಿ ಇಳಿಸಿ. "ನಾನು ಏನೋ ತಪ್ಪು ಮಾಡಿದೆ ಅಂತ ತುಂಬಾ ಬೇಜಾರಾಯ್ತು. ಪುಣ್ಯಕ್ಕೆ ಬೀಜ ಎತ್ತಿಟ್ಟಿದ್ದೆ. ಬಿತ್ತಿದೆ. ಚೆನ್ನಾಗಿ ಬಂತು."

ಚೆನ್ನಾಗಿ ಬಂತಂತೆ! ಇಡೀ ಬೀದಿ ಸೀನುವಷ್ಟು ಚೆನ್ನಾಗಿ ಬಂದಿತ್ತು. ಮೂವತ್ತು ವರ್ಷದಲ್ಲಿ ನಾನು ತರಹೇವಾರಿ ದಡ್ಡರನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಹೂವಿನ ಗಿಡ ಚಿಗುರಲಿಲ್ಲ ಎಂದು ವಾಪಸು ತಂದವಳನ್ನೂ ನೋಡಿದ್ದೇನೆ. ಪಾರ್ಥೇನಿಯಂ ಬೀಜವನ್ನು ಕಾಗದದಲ್ಲಿ ಕಟ್ಟಿಟ್ಟು, ಮುಂದಿನ ಮಳೆಗೆ ಕೈಯಾರೆ ಬಿತ್ತಿದ ಮನುಷ್ಯನನ್ನು ಮಾತ್ರ ನೋಡಿರಲಿಲ್ಲ.

"ಇವುಗಳ ಹೆಸರೇನು ಅಕ್ಕ? ಪುಸ್ತಕದಲ್ಲೆಲ್ಲ ಹುಡುಕಿದೆ. ಹೂವಿನ ಪುಸ್ತಕದಲ್ಲಿ ಸಿಗಲಿಲ್ಲ."

"ಸಿಗಲ್ಲ," ಎಂದೆ. "ಅಪರೂಪದ ಜಾತಿ."

ಅವನ ಮುಖ ಅರಳಿತು. ನನಗೆ ಒಳಗೊಳಗೇ ಎಂಥ ಖುಷಿಯಾಯಿತು ಎಂದರೆ, ಆ ದಿನ ಎಂಟು ಚೀಲ ತುಂಬಿದರೂ ಬೆನ್ನು ನೋಯಲಿಲ್ಲ. ಇಂಥವನ ಜೊತೆ ಇಪ್ಪತ್ತೆರಡು ವರ್ಷ ಬಾಳಿದಳಲ್ಲ ಎಂದು ತಂಗಿಯ ಮೇಲೂ ಸಿಟ್ಟು ಬಂತು. ಸಾಯುವುದಕ್ಕೆ ಮೂರು ವಾರ ಮುಂಚೆ ಅವಳು ಫೋನ್ ಮಾಡಿದ್ದಳು. "ಅಕ್ಕ, ಒಂದ್ಸಲ ಬಂದು ಹೋಗ್ತೀಯಾ? ತೋಟದಲ್ಲಿ ಕೆಲಸ ಇದೆ, ನನ್ನ ಕೈಲಿ ಆಗ್ತಿಲ್ಲ." ಕಾಯಿಲೆಯ ವಿಷಯ ಬಾಯಿ ಬಿಡಲಿಲ್ಲ. ನಮ್ಮ ನರ್ಸರಿಯಲ್ಲಿ ಆಗ ಫಲಪುಷ್ಪ ಪ್ರದರ್ಶನದ ಗಡಿಬಿಡಿ. "ಗಂಡ ಅಂತ ಒಬ್ಬರು ಇದ್ದಾರಲ್ಲ, ಅವರ ಕೈಲಿ ಮಾಡಿಸು. ಸುಮ್ನೆ ಕೂತು ಹಾಗಂತೀರಾ ಅನ್ನೋಕೆ ಮಾತ್ರನಾ ಅವರಿರೋದು?" ಎಂದಿದ್ದೆ. ಅವಳು "ಆಯ್ತು ಬಿಡು" ಎಂದಳು. ಆಮೇಲೆ ನಾನು ಈ ಮನೆಗೆ ಬಂದದ್ದು ಅವಳ ಹೆಣ ನೋಡಲು. ಗಂಡ ನೆಟ್ಟಗಿದ್ದಿದ್ದರೆ ಒಂದು ಕಳೆ ಕೀಳಲು ಅವಳು ಊರಾಚೆಯ ಅಕ್ಕನನ್ನು ಕರೆಯಬೇಕಿತ್ತೇ?

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೂಲೆ ಮುಟ್ಟಿದೆ. ಗುಲಾಬಿ ಇರಬೇಕಾದ ಜಾಗದಲ್ಲಿ ಒಂದು ಹಸಿರು ಗುಡ್ಡೆ. ಬಳ್ಳಿಯನ್ನು ಪದರ ಪದರವಾಗಿ ಕತ್ತರಿಸುತ್ತಾ ಹೋದೆ. ಮೊದಲು ಒಂದು ಮುಳ್ಳು ಕೈಗವಸಿಗೆ ತಾಗಿತು, ಆ ಮುಳ್ಳಿಗೆ ಎಷ್ಟು ಸಂತೋಷಪಟ್ಟೆನೋ! ಕೊಂಬೆಯನ್ನು ಉಗುರಿನಿಂದ ಕೆರೆದೆ. ಕಂದು. ಕೆಳಗೆ ಕೆರೆದೆ, ಕಂದು. ಬುಡದ ಮಣ್ಣು ಬಿಡಿಸಿ ಬೇರು ಮುರಿದು ನೋಡಿದೆ. ಹಪ್ಪಳ ಮುರಿದ ಹಾಗೆ ಲಟಕ್ಕನೆ ಮುರಿಯಿತು. ಸತ್ತು ಒಂದು ವರ್ಷವಾದರೂ ಆಗಿತ್ತು.

ಆ ಒಣ ಕೊಂಬೆಗಳ ತುಂಬ ಕನ್ನಡಕದ ಕಡ್ಡಿಯ ಕೊಕ್ಕೆಗಳು. ಗೇಣಿಗೊಂದು.

"ಇದರ ಮೇಲೆ ಬಳ್ಳಿ ಹಬ್ಬಿಸಿದ್ದು ಯಾರು?"

"ನಾನೇ ಅಕ್ಕ. ಅದಕ್ಕೆ ಪಟ್ಟಿ ಇರಲಿಲ್ಲ. ಗಟ್ಟಿ ಕೊಂಬೆ, ಆಸರೆಗೆ ಅನುಕೂಲ ಆಯ್ತು."

ಎರಡು ದಿನದಿಂದ ಹಿಡಿದಿಟ್ಟುಕೊಂಡದ್ದೆಲ್ಲ ಆಗ ನನ್ನ ಬಾಯಿಂದ ಹೊರಬಿತ್ತು.

"ಕೆಂಪು ಪಟ್ಟಿ ಅಂದ್ರೆ ಏನು ಗೊತ್ತೇನ್ರೀ ನಿಮಗೆ? ಕಿತ್ತು ಬಿಸಾಕು ಅಂತ! ನಮ್ಮಮ್ಮನ ಕಾಲದಿಂದ ಅಷ್ಟೇ. ಇವು ಅಪರೂಪದ ಗಿಡ ಅಲ್ಲ, ಕಳೆ. ಬೀದಿ ಬದಿಯ ಕಳೆ. ಮೂರು ವರ್ಷ ನೀರು ಹಾಕಿ, ಗೊಬ್ಬರ ಹಾಕಿ, ಬೀಜ ಬಿತ್ತಿ ಸಾಕಿದ್ದೀರಲ್ಲ, ಅವಳು ಕಿತ್ತುಹಾಕಿ ಅಂತ ಗುರುತು ಮಾಡಿದ್ದನ್ನ ಸಾಕಿದ್ದೀರಿ. ಅವಳು ಜೀವ ಇಟ್ಟುಕೊಂಡಿದ್ದ ಗಿಡನ ಕೈಯಾರೆ ಕೊಂದಿದ್ದೀರಿ. ಹಾಗಂತೀರಾ ಅನ್ನಿ ಈಗ! ಅನ್ನಿ!"

ಅವನು ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ. ಒಣಗಿದ ಗುಲಾಬಿಯನ್ನು ನೋಡಿದ, ಆಚೆ ನೆರಳು ಬಲೆಯನ್ನು ನೋಡಿದ. ಗಂಧೆ ಎದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ. ನನಗೆ ತೃಪ್ತಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ತೃಪ್ತಿಯಾಯಿತು.

"ನಂಗೆ ಗೊತ್ತಿರ್ಲಿಲ್ಲ ಅಕ್ಕ," ಎಂದ ಕೊನೆಗೆ. "ಅವಳು ಆಗ, ಆ ಕೊನೆ ತಿಂಗಳಲ್ಲಿ, ನಿಲ್ಲೋ ಸ್ಥಿತಿಯಲ್ಲೇ ಇರ್ಲಿಲ್ಲ. ತೋಟಕ್ಕೆ ಕರ್ಕೊಂಡು ಹೋಗಿ ಅಂದ್ಲು. ನಾನು ಹಿಂದಿನಿಂದ ಹಿಡ್ಕೊಂಡಿದ್ದೆ, ಅವಳು ಕೂತ್ಕೊಂಡು ಕಟ್ಟಿದ್ಲು. ಒಂದೊಂದಕ್ಕೆ ಎಷ್ಟು ಹೊತ್ತು ತಗೊಂಡ್ಲು ಗೊತ್ತಾ? ಬೆರಳಲ್ಲಿ ಶಕ್ತಿನೇ ಇರ್ಲಿಲ್ಲ. ಒಂದು ಗಂಟು ಸಾಕು ಕಣೇ, ಯಾಕೆ ಸುಸ್ತು ಮಾಡ್ಕೋತೀಯಾ ಅಂದೆ. ಇಲ್ಲ, ಎರಡೇ ಬೇಕು ಅಂದ್ಲು. ನಾನು ಹಾಕ್ತೀನಿ ಅಂದ್ರೂ ಬಿಡ್ಲಿಲ್ಲ. ಏಳಕ್ಕೂ ಎರಡೆರಡು ಗಂಟು, ತಾನೇ ಹಾಕಿದ್ಲು. ಅಷ್ಟು ಕಷ್ಟಪಟ್ಟು ಕಟ್ಟಿದ್ದಾಳೆ ಅಂದ್ಮೇಲೆ, ಪ್ರೀತಿಯ ಗಿಡಗಳೇ ಇರಬೇಕು ಅನ್ಕೊಂಡೆ."

ನನ್ನ ಕೈಯಲ್ಲಿ ಗುಲಾಬಿಯ ಒಣ ಬೇರು ಇನ್ನೂ ಇತ್ತು.

ಅವನು ನಿಧಾನವಾಗಿ, ಅಂಗಡಿಯಲ್ಲಿ ಯಾರದೋ ಕನ್ನಡಕದ ನಂಬರು ಲೆಕ್ಕ ಹಾಕುವವನ ಹಾಗೆ, ಹುಬ್ಬು ಗಂಟಿಕ್ಕಿ ಕೇಳಿದ. ಅದರಲ್ಲಿ ಚುಚ್ಚು ಇರಲಿಲ್ಲ, ಚುಚ್ಚುವುದು ಆ ಮನುಷ್ಯನಿಗೆ ಬರುವುದೇ ಇಲ್ಲ.

"ಕೀಳೋಕೆ ಅಂತ ಕಟ್ಟಿದ್ಲು ಅಂದ್ರೆ, ಯಾರು ಕೀಳಬೇಕಿತ್ತು ಅಕ್ಕ? ಅವಳ ಕೈಲಿ ಆಗ್ತಿರ್ಲಿಲ್ಲ. ನಂಗೆ ಗೊತ್ತಿರ್ಲಿಲ್ಲ. ಮತ್ತೆ ಯಾರಿಗೆ ಅಂತ ಕಟ್ಟಿದ್ಲು?"

ನಾನು ಎದ್ದು ಹೋದೆ. ಬಾಗಿಲ ಕಡೆಯ ಆ ಮೊದಲ ಲಂಟಾನದ ಮುಂದೆ ಮಂಡಿಯೂರಿ, ಚಾಕುವಿನ ತುದಿಯಿಂದ ತೊಗಟೆ ಬಿಡಿಸಿದೆ. ಗಂಟು ಕಂಡಿತು. ಅದರ ಪಕ್ಕದಲ್ಲೇ, ಅದಕ್ಕಿಂತ ಸಡಿಲವಾಗಿ, ಇನ್ನೊಂದು. ಬೆರಳಲ್ಲಿ ಶಕ್ತಿ ಇಲ್ಲದವರು ಹಾಕಿದ ಗಂಟು.

ಅಮ್ಮ ಹೋದ ಮೇಲೆ ಲೋಕದಲ್ಲಿ ಆ ಎರಡು ಗಂಟಿನ ಅರ್ಥ ಗೊತ್ತಿದ್ದವರು ಇಬ್ಬರೇ. ಒಬ್ಬಳು ಕಟ್ಟಿದಳು. ಇನ್ನೊಬ್ಬಳು ಹೂವಿನ ಪ್ರದರ್ಶನದಲ್ಲಿ ಬೇರೆಯವರ ಡೇಲಿಯಾ ಕುಂಡಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಆಗ ಬಂದಿದ್ದರೆ ಏಳು ಕಳೆ, ಅರ್ಧ ಗಂಟೆಯ ಕೆಲಸ. ಗುಲಾಬಿ ಉಳಿಯುತ್ತಿತ್ತು. ಅವಳು ಬದುಕಿದ್ದಾಗಲೇ ಅವಳ ಮುಖ ನೋಡಿರುತ್ತಿದ್ದೆ.

ಅವನು ಹಿಂದೆ ಬಂದು ನಿಂತಿದ್ದ.

"ಎರಡು ಗಂಟು ನನ್ನ ಪಾಲಿಂದು," ಎಂದೆ. "ನನಗೆ ಅಂತ ಕಟ್ಟಿದ್ದು. ಕೀಳಬೇಕಾಗಿದ್ದವಳು ನಾನು. ಕರೆದಳು, ನಾನು ಬರಲಿಲ್ಲ."

"ಹಾಗಂತೀರಾ?" ಎಂದ, ಮೆಲ್ಲಗೆ.

"ಹೌದು," ಎಂದೆ. ಇಪ್ಪತ್ತೈದು ವರ್ಷದಲ್ಲಿ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಅದೇ ಮೊದಲು.

ಅವನು ಹೋಗಿ ನೆರಳು ಬಲೆಯನ್ನು ಬಿಚ್ಚಿ ಮಡಿಸಿಟ್ಟು ಬಂದ. ಬಂದವನು ಹಾರೆ ಎತ್ತಿಕೊಂಡು, "ಕೀಳೋಣ ಅಕ್ಕ. ಅವಳಿಗೆ ಬೇಕಾಗಿದ್ದು ಅದೇ ಅಲ್ವಾ," ಎಂದು ಬುಡದ ಪಾತಿಗೆ ಹಾರೆ ಹಾಕಿದ. ತಾನೇ ಮೂರು ವರ್ಷ ಗೊಬ್ಬರ ಹಾಕಿದ್ದ ಪಾತಿ.

"ತಡೀರಿ," ಎಂದೆ. "ಮೊದಲು ಪಟ್ಟಿ ಬಿಚ್ಚಬೇಕು."

"ಕತ್ತರಿ ತರಲಾ?"

"ಬೇಡ. ಕತ್ತರಿಸೋ ಹಾಗಿಲ್ಲ."

ಕೈಗವಸು ತೆಗೆದಿಟ್ಟು ಉಗುರಿನಿಂದ ಗಂಟು ಬಿಡಿಸಲು ಕೂತೆ. ಸಡಿಲವಾಗಿದ್ದದ್ದು ಬೇಗ ಬಂತು, ಇನ್ನೊಂದು ಬರಲಿಲ್ಲ. ಅವನು ಪಕ್ಕದಲ್ಲಿ ಹಾರೆ ಹಿಡಿದು ಕಾಯುತ್ತಾ ನಿಂತಿದ್ದ.